ಬಿಚ್ಚಿಟ್ಟ ಬೀಟಲ್: ಮನೆಯಲ್ಲೇ ಹಳೇ ಕಾರು ಎಬ್ಬಿಸಲು ಹೊರಟ ಒಬ್ಬರ ಪ್ರಕರಣ

ಈ ಕಾರಿನ ಯಜಮಾನರು ಯಾರು, ಎಲ್ಲಿಯವರು, ಏನು ಕೆಲಸ ಮಾಡುತ್ತಾರೆ ಅನ್ನೋದನ್ನು ಇಲ್ಲಿ ಹೇಳುವುದಿಲ್ಲ. ಗುರುತು ಸಿಗಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯೋಕೆ ಅವರೇ ಒಪ್ಪಿದ್ದಾರೆ. ಸುಲಭವಾಗಲಿ ಅಂತ ಅವರನ್ನು ‘ಯಜಮಾನರು’ ಅನ್ನುತ್ತೇನೆ. ನಡುವೆ ಬಂದು ಸೇರಿದ, ಟಿಂಕರಿಂಗ್ ಕೆಲಸದಲ್ಲಿ ಪಳಗಿದ ಹಿರಿಯರೊಬ್ಬರನ್ನು ‘ಮೇಸ್ತ್ರಿ’ ಅನ್ನುತ್ತೇನೆ. ನಾನು ಇಬ್ಬರಿಗೂ ಪರಿಚಿತ. ಕೆಲಸ ನಿಂತುಹೋದ ಮೇಲೆ ನೋಡೋಕೆ ಹೋದವನು, ಕೊನೇವರೆಗೂ ಜೊತೆಗಿದ್ದೆ.

ಹಿನ್ನೆಲೆ

ಕಾರು ಫೋಕ್ಸ್‌ವ್ಯಾಗನ್ ಬೀಟಲ್. 1960ರ ದಶಕದ ಕೊನೆಯದ್ದು. ಮನೆಯಲ್ಲಿ ಕೆಲಸ ಕಲಿಯೋಕೆ ಇದಕ್ಕಿಂತ ಒಳ್ಳೇ ಕಾರು ಕಮ್ಮಿ ಅಂತ ಹಳೇ ಕಾರಿನವರು ಹೇಳುತ್ತಾರೆ. ಅದರಲ್ಲಿ ಸುಳ್ಳೇನಿಲ್ಲ. 2003ರಲ್ಲಿ ಮೆಕ್ಸಿಕೋದಲ್ಲಿ ಕೊನೆಯ ಕಾರು ಹೊರಬರುವ ಹೊತ್ತಿಗೆ 2 ಕೋಟಿ 10 ಲಕ್ಷಕ್ಕೂ ಜಾಸ್ತಿ ಬೀಟಲ್ ತಯಾರಾಗಿದ್ದವು. ಹಾಗಾಗಿ ಬಿಡಿಭಾಗಗಳು ಇವತ್ತಿಗೂ ಹೊಸದಾಗಿ ಸಿಗುತ್ತವೆ. ಇಂಜಿನ್ ಗಾಳಿಯಿಂದಲೇ ತಣ್ಣಗಾಗುತ್ತದೆ. ರೇಡಿಯೇಟರ್ ಇಲ್ಲ, ನೀರಿನ ಪೈಪಿನ ಗೋಜಿಲ್ಲ. ಇಂಜಿನ್ನನ್ನು ಗೇರ್‌ಬಾಕ್ಸಿಗೆ ಹಿಡಿದಿರೋದು ನಾಲ್ಕೇ ಬೋಲ್ಟು. ಅವನ್ನು ಬಿಚ್ಚಿ, ಒಂದು ಟ್ರಾಲಿ ಜಾಕ್ ಕೊಟ್ಟು ಇಳಿಸಿ, ಕಾರಿನ ಹಿಂಭಾಗ ಎತ್ತಿದರೆ ಇಂಜಿನ್ ಹೊರಗೆ.

ಯಜಮಾನರಿಗೆ ಸ್ಪ್ಯಾನರ್ ಹಿಡಿದು ಗೊತ್ತಿತ್ತು. ಬೈಕಿನ ಸಣ್ಣಪುಟ್ಟ ಕೆಲಸ ಮಾಡಿಕೊಂಡವರು. ಕಾರು ತಂದಾಗ ಅದು ಓಡುತ್ತಿತ್ತು. ಹೊಗೆ ಇರಲಿಲ್ಲ. ಬ್ರೇಕ್ ಸ್ವಲ್ಪ ಒಂದು ಕಡೆ ಎಳೆಯುತ್ತಿತ್ತು. ಬಾಗಿಲುಗಳು ಸರಿಯಾಗಿ ಮುಚ್ಚುತ್ತಿದ್ದವು. ಹಿಂದಿನ ಸೀಟಿನ ಕೆಳಗೆ ಬಲಗಡೆ, ಬ್ಯಾಟರಿ ಕೂರುವ ಜಾಗದಲ್ಲಿ, ನೆಲದ ತಗಡು ಆಸಿಡ್ ತಿಂದು ತೂತಾಗಿತ್ತು. ಬೀಟಲ್‌ನಲ್ಲಿ ಇದು ಮಾಮೂಲು. ಬಾಗಿಲ ಕೆಳಗಿನ ಅಂಚಿನಲ್ಲಿ ಪೇಂಟ್ ಅಲ್ಲಲ್ಲಿ ಉಬ್ಬಿತ್ತು.

‘ಕಾರು ಓಡುತ್ತಿತ್ತು’ ಅನ್ನೋದನ್ನು ನೆನಪಿಡಿ. ಮುಂದೆ ಬೇಕಾಗುತ್ತದೆ.

ಬಿಚ್ಚಿದ ವಾರಾಂತ್ಯ

ಯಜಮಾನರು ಟಿವಿಯಲ್ಲಿ ಬರೋ ಕಾರು ರಿಪೇರಿ ಕಾರ್ಯಕ್ರಮಗಳ ಅಭಿಮಾನಿ. ಅವುಗಳಲ್ಲಿ ಮೊದಲ ಹತ್ತು ನಿಮಿಷ ಹೇಗಿರುತ್ತದೆ ಅಂತ ನೋಡಿದವರಿಗೆ ಗೊತ್ತು. ಸಂಗೀತ ಹಾಕಿ, ಕಾರು ಬಿಚ್ಚಿ, ಬರೀ ಅಸ್ಥಿಪಂಜರ ಉಳಿಸುತ್ತಾರೆ. ಇವರೂ ಗೆಳೆಯರನ್ನು ಕರೆದು, ಒಂದು ವಾರಾಂತ್ಯದಲ್ಲಿ ಅದೇ ಮಾಡಿದರು. ಇಂಜಿನ್ ಇಳಿಸಿದರು. ಮಡ್‌ಗಾರ್ಡ್, ಬಾನೆಟ್, ಬಾಗಿಲು, ಗಾಜು, ಸೀಟು ಎಲ್ಲ ತೆಗೆದರು. ಬೀಟಲ್‌ನಲ್ಲಿ ಬಾಡಿಯೇ ಬೇರೆ, ಕೆಳಗಿನ ನೆಲದ ಚಾಸಿಯೇ ಬೇರೆ. ಎರಡನ್ನೂ ಅಂಚಿನುದ್ದಕ್ಕೂ ಬೋಲ್ಟ್ ಹಾಕಿ ಜೋಡಿಸಿರುತ್ತಾರೆ. ಆ ಬೋಲ್ಟುಗಳನ್ನೂ ಬಿಚ್ಚಿ, ಬಿಚ್ಚೋಕೆ ಬರದೇ ಇದ್ದದ್ದನ್ನು ಗ್ರೈಂಡರ್‌ನಲ್ಲಿ ಕತ್ತರಿಸಿ, ನಾಲ್ಕೈದು ಜನ ಸೇರಿ ಬಾಡಿ ಎತ್ತಿ ಪಕ್ಕಕ್ಕಿಟ್ಟರು. ಮುಂದೆ ಒಂದು ಮರದ ದಿಮ್ಮಿ, ಹಿಂದೆ ಒಂದು. ಫೋಟೋ ತೆಗೆದುಕೊಂಡರು.

ಆ ಫೋಟೋ ನಾನು ಆಮೇಲೆ ನೋಡಿದೆ. ಎಲ್ಲರೂ ನಗುತ್ತಿದ್ದಾರೆ. ಕಾರಿನ ಬದಿಯಲ್ಲಿ, ಬಾಗಿಲು ಇರಬೇಕಾದ ಕಡೆ, ಖಾಲಿ ಚೌಕಟ್ಟು. ಅದಕ್ಕೆ ಅಡ್ಡಕ್ಕೆ ಒಂದು ಕಂಬಿಯೂ ಇಲ್ಲ.

ಬಾಗಿಲ ಕೆಳಗೆ ಉದ್ದಕ್ಕೂ ಓಡುವ ಪೆಟ್ಟಿಗೆಯಾಕಾರದ ತಗಡಿಗೆ ಹೀಟರ್ ಚಾನಲ್ ಅನ್ನುತ್ತಾರೆ. ಹಿಂದಿನ ಇಂಜಿನ್ನಿನ ಬಿಸಿಗಾಳಿ ಅದರೊಳಗಿಂದ ಮುಂದಕ್ಕೆ ಬರುತ್ತದೆ, ಹೆಸರು ಬಂದದ್ದು ಅದಕ್ಕೇ. ಆದರೆ ಅದರ ನಿಜವಾದ ಕೆಲಸ ಬೇರೆ. ಮುಂದಿನ ಕಂಬ ಮತ್ತು ನಡುಕಂಬವನ್ನು ಕೆಳಗಿಂದ ಹಿಡಿದಿರೋದೇ ಅದು. ಬಾಡಿಯ ಗಟ್ಟಿತನ ಬಹುಪಾಲು ಅಲ್ಲಿದೆ. ಈ ಕಾರಿನಲ್ಲಿ ಉಬ್ಬಿದ ಪೇಂಟಿನ ಹಿಂದೆ ಆ ಚಾನಲ್ ಒಳಗಿಂದ ತುಕ್ಕು ಹಿಡಿದು ಕಾಗದವಾಗಿತ್ತು. ನೆಲದ ಚಾಸಿಗೆ ಬೋಲ್ಟ್ ಬಿಗಿದಿದ್ದಷ್ಟು ದಿನ ಚಾಸಿಯೇ ಅದರ ಕೆಲಸ ಮಾಡುತ್ತಿತ್ತು. ಬಾಡಿ ಎತ್ತಿ ಎರಡು ತುದಿಗೆ ದಿಮ್ಮಿ ಕೊಟ್ಟಿದ್ದೇ ತಡ, ನಡುಭಾಗ ಜಗ್ಗತೊಡಗಿತು. ಒಂದೇ ದಿನಕ್ಕಲ್ಲ, ಕಣ್ಣಿಗೆ ಕಾಣೋ ಹಾಗೂ ಅಲ್ಲ.

ಗೊತ್ತಾಗಿದ್ದು ಎಷ್ಟೋ ತಿಂಗಳ ಮೇಲೆ, ಒಂದು ಬಾಗಿಲನ್ನು ಸುಮ್ನೆ ಹಾಕಿ ನೋಡಿದಾಗ. ಮೇಲಿನ ಮೂಲೆಯಲ್ಲಿ ಬಾಗಿಲು ಕಂಬಕ್ಕೆ ಒತ್ತುತ್ತಿತ್ತು. ಕೆಳಗೆ ಬೆರಳು ತೂರುವಷ್ಟು ಸಂದಿ. ಲಾಕ್ ತನ್ನ ಕೊಂಡಿಗೆ ತಾಗುತ್ತಲೇ ಇರಲಿಲ್ಲ.

ಅಲ್ಲಿಗೆ ಕೆಲಸ ನಿಂತಿತು. ಯಜಮಾನರು ಶೆಡ್ಡಿಗೆ ಹೋಗೋದನ್ನೇ ಬಿಟ್ಟರು. ಡಬ್ಬಗಳಲ್ಲಿ ತುಂಬಿಟ್ಟ ನಟ್ಟು ಬೋಲ್ಟುಗಳಲ್ಲಿ ಯಾವುದು ಎಲ್ಲಿಯದು ಅನ್ನೋದು ಮರೆತುಹೋಯಿತು. ಚೀಟಿ ಅಂಟಿಸಿದ್ದ ಕವರುಗಳ ಶಾಯಿ ಎಣ್ಣೆಗೆ ಕರಗಿತ್ತು. ಮಾರೋಣ ಅಂದರೆ, ಬಿಚ್ಚಿದ ಕಾರನ್ನು ಯಾರು ಕೊಳ್ಳುತ್ತಾರೆ? ಹಾಗೆ ಬಿಚ್ಚಿಟ್ಟು ಕೈಬಿಟ್ಟ ಕಾರುಗಳನ್ನು ನಾನು ನೋಡಿದಷ್ಟು, ಮುಗಿದ ಕಾರುಗಳನ್ನು ನೋಡಿಲ್ಲ.

ಟಿವಿ ತೋರಿಸಿದ್ದು, ಬಿಟ್ಟಿದ್ದು

ತಪ್ಪೆಲ್ಲ ಟಿವಿಯದ್ದು ಅಂದರೆ ಅನ್ಯಾಯ. ಆ ಕಾರ್ಯಕ್ರಮಗಳಿಂದಲೇ ಎಷ್ಟೋ ಜನ ಸ್ಪ್ಯಾನರ್ ಹಿಡಿದಿದ್ದಾರೆ. ಆದರೆ ಅವು ಏನನ್ನು ಕತ್ತರಿಸಿ ಬಿಡುತ್ತವೆ ಅಂತ ತಿಳಿದುಕೊಂಡರೆ ಈ ಪ್ರಕರಣ ಅರ್ಥವಾಗುತ್ತದೆ.

2004ರಲ್ಲಿ ಶುರುವಾದ ‘ಓವರ್‌ಹಾಲಿನ್’ ಎಂಬ ಅಮೆರಿಕದ ಕಾರ್ಯಕ್ರಮವನ್ನೇ ತೆಗೆದುಕೊಳ್ಳಿ. ಯಜಮಾನನಿಗೆ ಗೊತ್ತಿಲ್ಲದ ಹಾಗೆ ಕಾರು ಒಯ್ದು, ಹೆಚ್ಚುಕಮ್ಮಿ ಒಂದು ವಾರದಲ್ಲಿ ಹೊಸದು ಮಾಡಿ ಕೊಡೋದು ಅದರ ಆಟ. ವಿನ್ಯಾಸಕ ಚಿಪ್ ಫೂಸ್ ಜೊತೆಗೆ ಒಂದು ದೊಡ್ಡ ತಂಡವೇ ಹಗಲು ರಾತ್ರಿ ದುಡಿಯುತ್ತದೆ. ಅದರಲ್ಲಿ ಬಿಚ್ಚೋದು ಬೇಗ ಆಗಲೇಬೇಕು, ಏಕೆಂದರೆ ಬಿಚ್ಚಿದ್ದನ್ನು ಹಿಡಿಯೋಕೆ ಇನ್ನೊಬ್ಬ ಪಕ್ಕದಲ್ಲೇ ನಿಂತಿರುತ್ತಾನೆ. ಮನೆಯ ಶೆಡ್ಡಿನಲ್ಲಿ ಆ ಇನ್ನೊಬ್ಬ ಇಲ್ಲ. ಬಿಚ್ಚಿದವನೇ ನೆನಪಿಡಬೇಕು, ಅವನೇ ತೊಳೆಯಬೇಕು, ಅವನೇ ಜೋಡಿಸಬೇಕು.

2003ರಿಂದ ಬರುತ್ತಿರುವ ಬ್ರಿಟನ್ನಿನ ‘ವೀಲರ್ ಡೀಲರ್ಸ್’ ಇದಕ್ಕಿಂತ ಪ್ರಾಮಾಣಿಕ ಅಂತ ನನ್ನ ಅನಿಸಿಕೆ. ಮೈಕ್ ಬ್ರೂಅರ್ ಹಳೇ ಕಾರು ಕೊಳ್ಳುತ್ತಾರೆ, ಸರಿಮಾಡಿಸಿ ಮಾರುತ್ತಾರೆ. ಎಡ್ ಚೈನಾ ಮೆಕ್ಯಾನಿಕ್ ಆಗಿದ್ದ ವರ್ಷಗಳಲ್ಲಿ ಒಂದೊಂದು ಭಾಗವನ್ನೂ ಬಿಡಿಸಿ, ಯಾಕೆ ಹಾಳಾಯಿತು ಅಂತ ಹೇಳುತ್ತಿದ್ದರು. 2017ರಲ್ಲಿ ಅವರು ಬಿಟ್ಟರು. ವರ್ಕ್‌ಶಾಪಿನ ಆ ವಿವರಗಳನ್ನು ಕಮ್ಮಿ ಮಾಡಬೇಕು ಅನ್ನೋ ಮಾತು ಬಂದದ್ದೇ ಕಾರಣ ಅಂತ ಅವರೇ ಹೇಳಿಕೊಂಡರು. ಅಷ್ಟಾದರೂ ಆ ಕಾರ್ಯಕ್ರಮದಲ್ಲಿ ಕೊನೆಗೆ ಲಾಭ ಲೆಕ್ಕ ಹಾಕುವಾಗ ಮೆಕ್ಯಾನಿಕ್‌ನ ಕೂಲಿ ಸೇರಿಸುತ್ತಿರಲಿಲ್ಲ. ಯಜಮಾನರು ಶುರುವಿನಲ್ಲಿ ಬರೆದಿಟ್ಟ ಲೆಕ್ಕದ ಪುಸ್ತಕದಲ್ಲೂ ಹಾಗೇ. ಭಾಗಗಳ ಬೆಲೆ ಇತ್ತು, ಸಮಯದ ಕಾಲಂ ಇರಲಿಲ್ಲ.

ಟಿವಿಯವರಿಗಿರುವ ಕೈಚಳಕ ನಮಗಿಲ್ಲ ಅನ್ನೋದು ದೊಡ್ಡ ವಿಷಯವಲ್ಲ. ಕೈಚಳಕ ಬರುತ್ತದೆ. ಯಾವುದಾದ ಮೇಲೆ ಯಾವುದು ಅನ್ನೋ ಕ್ರಮವನ್ನು ಅವರು ತೋರಿಸುವುದೇ ಇಲ್ಲ, ಪೆಟ್ಟು ಬೀಳೋದು ಅಲ್ಲಿ. ಹಿಂದಿನ ಚಕ್ರದ ನಟ್ಟಿನ ವಿಷಯ ನೋಡಿ. ಬೀಟಲ್‌ನ ಹಿಂದಿನ ಬ್ರೇಕ್ ಡ್ರಮ್ ಹಿಡಿದಿರೋದು 36 ಮಿ.ಮೀ. ನಟ್ಟು. ಅದನ್ನು ಬಿಗಿಯೋದು ಸುಮಾರು 300 ನ್ಯೂಟನ್ ಮೀಟರ್ ತಿರುಚು ಬಲಕ್ಕೆ. ಕಾರಿನ ಭಾರ ನೆಲದ ಮೇಲಿದ್ದು, ಹ್ಯಾಂಡ್‌ಬ್ರೇಕ್ ಎಳೆದು, ಪಾನಾಕ್ಕೆ ಉದ್ದನೆ ಪೈಪ್ ತೂರಿಸಿ ಮೈಭಾರ ಹಾಕಿದರೆ ಅದು ಬಿಚ್ಚುತ್ತದೆ. ಇಲ್ಲಿ ಬಾಡಿ ಇಲ್ಲ, ಇಂಜಿನ್ ಇಲ್ಲ, ಹ್ಯಾಂಡ್‌ಬ್ರೇಕ್ ಕೇಬಲ್ ಬಿಚ್ಚಿಯಾಗಿದೆ. ಪೈಪ್ ಒತ್ತಿದರೆ ಚಾಸಿಯೇ ಎದ್ದು ಬರುತ್ತಿತ್ತು. ಬ್ರೇಕ್ ಕೆಲಸಕ್ಕೆ ಅಂತ ಕಾರನ್ನು ಮತ್ತೆ ಅರ್ಧ ಜೋಡಿಸಬೇಕಾಯಿತು. ಟಿವಿಯಲ್ಲಿ ಗಾಳಿ ಗನ್ ಹಿಡಿದರೆ ‘ಟರ್ರ್’ ಅಂತ ಎರಡು ಸೆಕೆಂಡು, ಅಷ್ಟೇ.

ಗುರಿಯನ್ನೇ ಬದಲಾಯಿಸಿದ್ದು

ನಾನು ಹೋದಾಗ ಯಜಮಾನರು ಕೇಳಿದ ಮೊದಲ ಪ್ರಶ್ನೆ, “ಹೊಸ ಬಾಡಿ ಎಲ್ಲಾದರೂ ಸಿಗುತ್ತಾ?” ಮೇಸ್ತ್ರಿಯನ್ನು ಕರೆದುಕೊಂಡು ಹೋದದ್ದು ಆ ಪ್ರಶ್ನೆಯ ಕಾರಣಕ್ಕೇ. ಅವರು ಬಂದು ಬಾಡಿ ಸುತ್ತ ಒಂದು ಸುತ್ತು ಹಾಕಿದರು. ಸುತ್ತಿಗೆಯ ಹಿಡಿಯಿಂದ ಅಲ್ಲಲ್ಲಿ ಬಡಿದು ಕಿವಿಗೊಟ್ಟರು. ಗಟ್ಟಿ ತಗಡು ಗಣಗಣ ಅನ್ನುತ್ತದೆ, ತುಕ್ಕು ತಿಂದದ್ದು ಮಂದವಾಗಿ ಕೇಳುತ್ತದೆ.

“ಸಾರ್, ನಿಮಗೆ ಇದು ಪ್ರದರ್ಶನಕ್ಕೆ ಬೇಕೋ, ಓಡಿಸೋಕೆ ಬೇಕೋ?”

“ಎರಡೂ, ಮೇಸ್ತ್ರಿ.”

“ಎರಡೂ ಆಗಲ್ಲ ಸಾರ್. ಒಂದು ಹೇಳಿ.”

ಯಜಮಾನರು ಆವತ್ತು ಉತ್ತರ ಕೊಡಲಿಲ್ಲ. ಕೆಲವು ದಿನ ಬಿಟ್ಟು ಫೋನ್ ಮಾಡಿ, ಓಡಿಸೋಕೆ ಅಂದರು. ಈ ಪ್ರಕರಣದ ದೊಡ್ಡ ತಿರುವು ಇದೇ ಅಂತ ನಾನು ಅಂದುಕೊಂಡಿದ್ದೇನೆ. ವೆಲ್ಡಿಂಗ್, ಪೇಂಟು ಎಲ್ಲ ಆಮೇಲಿನದು. ಓಡಿಸೋಕೆ ಅಂತ ಆದ ಕೂಡಲೇ ಕೆಲಸಗಳ ಪಟ್ಟಿ ಅರ್ಧ ಆಯಿತು. ಕ್ರೋಮ್ ಪಾಲಿಶ್, ಒಳಗಿನ ಬಟ್ಟೆ, ಮೂಲ ಬಣ್ಣ ಹುಡುಕೋದು ಎಲ್ಲ ಬಿಟ್ಟುಹೋದವು. ಬಾಡಿ ಗಟ್ಟಿಯಾಗಬೇಕು, ಬ್ರೇಕ್ ಹಿಡಿಯಬೇಕು, ಪೆಟ್ರೋಲ್ ಸೋರಬಾರದು. ಮಿಕ್ಕಿದ್ದು ಓಡಿಸ್ತಾ ಓಡಿಸ್ತಾ ನೋಡಿಕೊಳ್ಳೋದು ಅಂತ ತೀರ್ಮಾನ.

ಬಾಡಿ ನೇರ ಮಾಡಿದ ಬಗೆ

ಜಗ್ಗಿದ ಬಾಡಿಯನ್ನು ಹಾಗೇ ಇಟ್ಟು ಹೊಸ ಚಾನಲ್ ಬೆಸುಗೆ ಹಾಕಿದ್ದರೆ ಸೊಟ್ಟ ಶಾಶ್ವತವಾಗುತ್ತಿತ್ತು. ಮೇಸ್ತ್ರಿ ಮೊದಲು ಮಾಡಿಸಿದ ಕೆಲಸ, ಬಾಡಿಯನ್ನು ವಾಪಸ್ ಚಾಸಿ ಮೇಲೆ ಕೂರಿಸಿದ್ದು. ಬೀಟಲ್‌ಗೆ ಅದರ ಚಾಸಿಗಿಂತ ಒಳ್ಳೇ ಅಚ್ಚು ಬೇರೆ ಇಲ್ಲ. ಬೋಲ್ಟ್ ತೂತುಗಳು ಸೇರಿದರೆ ಬಾಡಿ ತನ್ನ ಜಾಗಕ್ಕೆ ಬಂತು ಅಂತಲೇ ಲೆಕ್ಕ. ಮುಂದಿನ, ಹಿಂದಿನ ಬೋಲ್ಟುಗಳು ಕೂತವು. ಬದಿಯವು ಕೂರಲಿಲ್ಲ. ಕೂರೋಕೆ ಅಲ್ಲಿ ತಗಡೇ ಇರಲಿಲ್ಲ.

ಆಮೇಲೆ ಎರಡು ಬಾಗಿಲ ಚೌಕಟ್ಟಿಗೂ ಅಡ್ಡಕ್ಕೆ ಪೈಪ್ ಕೊಟ್ಟರು. ಪೈಪಿನ ನಡುವೆ ಎರಡು ಕಡೆ ತಿರುಗುವ ಸ್ಕ್ರೂ, ಒಂದು ಕಡೆ ತಿರುಗಿಸಿದರೆ ಉದ್ದ ಆಗುತ್ತದೆ, ಇನ್ನೊಂದು ಕಡೆ ತಿರುಗಿಸಿದರೆ ಗಿಡ್ಡ. ಬಾಗಿಲು ಹಾಕೋದು, ಸಂದಿ ನೋಡೋದು, ಬಾಗಿಲು ತೆಗೆಯೋದು, ಸ್ಕ್ರೂ ಕಾಲು ಸುತ್ತು ತಿರುಗಿಸೋದು, ಮತ್ತೆ ಬಾಗಿಲು ಹಾಕೋದು. ಇಡೀ ಕೆಲಸದಲ್ಲಿ ಅತ್ಯಂತ ಬೇಜಾರಿನ ಭಾಗ ಇದು. ಕ್ಯಾಮೆರಾ ಇಟ್ಟಿದ್ದರೂ ಯಾರೂ ನೋಡುತ್ತಿರಲಿಲ್ಲ. ಯಜಮಾನರಿಗೆ ಕೆಲಸದ ಮೇಲೆ ಪ್ರೀತಿ ವಾಪಸ್ ಬಂದದ್ದು ಮಾತ್ರ ಇಲ್ಲೇ. ಲಾಕ್ ಮೊದಲ ಸಲ ಕೊಂಡಿಗೆ ಬಿದ್ದು ‘ಟಕ್’ ಅಂದಾಗ, ಅವರೇ ಬಾಗಿಲು ತೆಗೆದು ಹಾಕಿ, ತೆಗೆದು ಹಾಕಿ ನೋಡಿದರು.

ಕತ್ತರಿಸೋದು ಒಂದು ಬದಿ ಮಾತ್ರ. ಅದು ಪೂರ್ತಿ ಮುಗಿದು, ಬೋಲ್ಟ್ ಬಿಗಿದ ಮೇಲೆ ಇನ್ನೊಂದು ಬದಿ. ಇದರಲ್ಲಿ ಮೇಸ್ತ್ರಿ ಒಂದಿಷ್ಟೂ ಜಗ್ಗಲಿಲ್ಲ. ತರಿಸಿದ ಹೊಸ ಚಾನಲ್ ಹಾಗೇ ಕೂರಲಿಲ್ಲ. ತುದಿಯಲ್ಲಿ ಕೊರೆದು, ಒಂದು ಕಡೆ ಸೀಳಿ, ಬಗ್ಗಿಸಿ ಕೂರಿಸಬೇಕಾಯಿತು. ಹೊಸ ಪ್ಯಾನೆಲ್ ಪೆಟ್ಟಿಗೆಯಿಂದ ತೆಗೆದು ಇಟ್ಟರೆ ಸರಿಯಾಗಿ ಕೂರೋದು ಟಿವಿಯಲ್ಲಿ ಮಾತ್ರ. ವೆಲ್ಡಿಂಗನ್ನು ಉದ್ದಕ್ಕೆ ಗೀರು ಎಳೆದ ಹಾಗೆ ಹಾಕಲಿಲ್ಲ. ಇಲ್ಲೊಂದು ಚುಕ್ಕೆ, ಒಂದು ಗೇಣು ಆಚೆ ಇನ್ನೊಂದು, ತಣ್ಣಗಾಗೋಕೆ ಬಿಟ್ಟು ಮತ್ತೆ ನಡುವೆ ಒಂದು. ತೆಳು ತಗಡು ಒಂದೇ ಕಡೆ ಬಿಸಿಯಾದರೆ ಸುಕ್ಕಾಗುತ್ತದೆ.

ಅದಕ್ಕೂ ಮುಂಚೆ ಪೆಟ್ರೋಲ್ ಟ್ಯಾಂಕ್ ಇಳಿಸಿ ಶೆಡ್ಡಿನಿಂದ ದೂರ ಇಟ್ಟರು. ಯಜಮಾನರು ತಗಡು ಒರೆಸೋಕೆ ಬ್ರೇಕ್ ಕ್ಲೀನರ್ ಸ್ಪ್ರೇ ತಂದಾಗ ಅದನ್ನೂ ತಡೆದೆವು. ಕೆಲವು ಕ್ಲೀನರ್‌ಗಳಲ್ಲಿ ಕ್ಲೋರಿನ್ ಸೇರಿದ ದ್ರಾವಕ ಇರುತ್ತದೆ. ಅದು ಪೂರ್ತಿ ಆರದೇ ಇದ್ದಾಗ ಮೇಲೆ ವೆಲ್ಡಿಂಗ್ ಮಾಡಿದರೆ ಫಾಸ್ಜೀನ್ ಎಂಬ ವಿಷಗಾಳಿ ಹುಟ್ಟಬಹುದು. ಹಳೇ ಬ್ರೇಕ್ ಲೈನಿಂಗಿನ ಪುಡಿಯನ್ನು ಗಾಳಿ ಊದಿ ತೆಗೆಯೋದೂ ಬೇಡ ಅಂದೆವು. ಆ ಕಾಲದ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಕವರಿಗೆ ಹಾಕಿ ಕಟ್ಟಿಟ್ಟರು.

ತೆರೆಯದೇ ಬಿಟ್ಟ ಇಂಜಿನ್

ಇಂಜಿನ್ ಹೊರಗೇ ಇತ್ತು. “ಹೇಗೂ ಇಳಿಸಿದ್ದೀವಲ್ಲ, ಪೂರ್ತಿ ಬಿಚ್ಚಿ ಹೊಸದು ಮಾಡಿಬಿಡೋಣ ಅಲ್ವಾ?” ಅಂದರು ಯಜಮಾನರು. ಈ ‘ಹೇಗೂ’ ಅನ್ನೋ ಮಾತಿನಿಂದ ಹಾಳಾದ ಕೆಲಸಗಳಿಗೆ ಲೆಕ್ಕವಿಲ್ಲ.

ಬಿಚ್ಚೋಕೆ ಮುಂಚೆ ಅಳೆಯೋಣ ಅಂದೆ. ಬೀಟಲ್ ಇಂಜಿನ್ನಿನಲ್ಲಿ ಕ್ರ್ಯಾಂಕ್‌ಶಾಫ್ಟ್, ಅಂದರೆ ಪಿಸ್ಟನ್‌ಗಳು ತಿರುಗಿಸುವ ದಂಡ, ಹಿಂದೆ ಮುಂದೆ ಎಷ್ಟು ಆಡುತ್ತದೆ ಅನ್ನೋದು ಒಳಗಿನ ಸ್ಥಿತಿಯ ಮೊದಲ ಸುಳಿವು. ಹೊಸದರಲ್ಲಿ 0.07ರಿಂದ 0.13 ಮಿ.ಮೀ., ಸವೆದರೂ ಹೆಚ್ಚೆಂದರೆ 0.15. ಆ ದಂಡದ ತುದಿಯ ಭಾರದ ಚಕ್ರ, ಅಂದರೆ ಫ್ಲೈವೀಲ್ ಮೇಲೆ, ಸಣ್ಣ ಅಲುಗಾಟ ಅಳೆಯುವ ಡಯಲ್ ಗೇಜಿನ ಮುಳ್ಳು ತಾಗಿಸಿ, ಒಂದು ಕಡೆಯಿಂದ ಒತ್ತಿ, ಇನ್ನೊಂದು ಕಡೆಯಿಂದ ಎಳೆದು ನೋಡಿದೆವು. 0.11. ಎಣ್ಣೆ ಬಸಿದು ಬಿಳಿ ಬಟ್ಟೆಯ ಮೇಲೆ ಸೋಸಿದಾಗ ಲೋಹದ ಪುಡಿ ಕಾಣಲಿಲ್ಲ. ಬಂದಾಗ ಓಡುತ್ತಿತ್ತು, ಹೊಗೆ ಇರಲಿಲ್ಲ. ಇಷ್ಟು ಇದ್ದ ಮೇಲೆ ಬಿಚ್ಚೋಕೆ ಕಾರಣ ಏನು? ವಾಲ್ವ್ ಸಂದಿಯನ್ನು ತಣ್ಣಗಿದ್ದಾಗ 0.15 ಮಿ.ಮೀ.ಗೆ ಇಟ್ಟು, ಸೀಲ್ ಬದಲಿಸಿ, ಪೆಟ್ರೋಲ್ ಪೈಪುಗಳನ್ನೆಲ್ಲ ಹೊಸದು ಹಾಕಿದೆವು. ಆ ಪೈಪುಗಳ ಮೇಲಿನ ಬಟ್ಟೆ ಹೆಣಿಗೆ ನೋಡೋಕೆ ಚೆನ್ನಾಗೇ ಇತ್ತು. ಬಗ್ಗಿಸಿದಾಗ ಒಳಗಿನ ರಬ್ಬರ್ ಪಟ್ ಪಟ್ ಅಂತ ಬಿರಿಯಿತು. ಬೀಟಲ್‌ಗಳಿಗೆ ಇಂಥ ಪೈಪಿನಿಂದ ಬೆಂಕಿ ಬೀಳೋದುಂಟು.

ಟಿವಿಯಲ್ಲಿ ‘ಅಳೆದೆವು, ಸರಿ ಇತ್ತು, ಬಿಟ್ಟೆವು’ ಅಂತ ಒಂದು ಕಂತು ಮಾಡೋಕಾಗಲ್ಲ. ಈ ಕೆಲಸದಲ್ಲಿ ಅತಿ ಜಾಸ್ತಿ ಸಮಯ ಉಳಿಸಿದ್ದು ಆ ನಿರ್ಧಾರ.

ಪೇಂಟ್

ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ಯಜಮಾನರು ಶೆಡ್ಡಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಿ ತಾವೇ ಸ್ಪ್ರೇ ಮಾಡಬೇಕು ಅಂತಿದ್ದರು. ಕಾರಿಗೆ ಹೊಡೆಯೋ ಗಟ್ಟಿ ಪೇಂಟಿಗೆ ಬೆರೆಸುವ ಹಾರ್ಡನರ್‌ನಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕ ಇರುತ್ತದೆ. ಅದು ಉಸಿರಿನಲ್ಲಿ ಹೋದರೆ ಜೀವನಪೂರ್ತಿ ಬಿಡದ ಆಸ್ತಮಾ ಬರಬಹುದು. ಅದಕ್ಕೆ ಹೊರಗಿನಿಂದ ಶುದ್ಧ ಗಾಳಿ ಕೊಡುವ ಮಾಸ್ಕ್ ಬೇಕು, ಧೂಳಿನ ಮಾಸ್ಕ್ ಯಾವುದಕ್ಕೂ ಸಾಲದು. ಮನೆಯಲ್ಲಿ ಮಕ್ಕಳಿದ್ದರು. ಉಜ್ಜೋದು, ಪುಟ್ಟಿ ಹಾಕೋದು, ಮತ್ತೆ ಉಜ್ಜೋದು ಇವರದ್ದು, ಕೊನೆಯ ಪೇಂಟು ಮಾತ್ರ ಸ್ಪ್ರೇ ಮಾಡೋಕೆಂದೇ ಮುಚ್ಚಿದ ಕೋಣೆ (ಬೂತ್) ಇರೋ ಕಡೆ ಅಂತ ಹಂಚಿಕೊಂಡರು. ಮಡ್‌ಗಾರ್ಡುಗಳಿಗೆ ಇನ್ನೂ ಆ ಭಾಗ್ಯ ಬಂದಿಲ್ಲ.

ಆದದ್ದು, ಅದರಿಂದ ತಿಳಿದದ್ದು

ಕಾರು ಈಗ ರಸ್ತೆಯಲ್ಲಿದೆ. ಬ್ರೇಕ್ ನೇರ ಹಿಡಿಯುತ್ತದೆ. ಎಡ ಬಾಗಿಲ ಸಂದಿ ಮೇಲಿನಿಂದ ಕೆಳಗೆ ಒಂದೇ ಸಮ ಇದೆ. ಬಲಗಡೆ, ಹಿಂದಿನ ಮೇಲಿನ ಮೂಲೆಯಲ್ಲಿ, ಸಂದಿ ಸ್ವಲ್ಪ ಕಿರಿದು. ಗೊತ್ತಿದ್ದವರಿಗೆ ಮಾತ್ರ ಕಾಣುತ್ತದೆ. ಮೇಸ್ತ್ರಿಗೆ ಕಾಣುತ್ತದೆ, ಅವರು ಪ್ರತಿ ಸಲ ನೋಡಿ ನಾಲಗೆ ಲೊಚಗುಟ್ಟುತ್ತಾರೆ. ಇಂಜಿನ್ ಕೆಳಗೆ ಎಣ್ಣೆಯ ಒಂದೆರಡು ಹನಿ ಬೀಳುತ್ತದೆ. ಲಾಭದ ಮಾತೇ ಇಲ್ಲ. ಸಮಯವನ್ನು ಲೆಕ್ಕಕ್ಕೆ ಹಿಡಿದರೆ, ಇದೇ ಸ್ಥಿತಿಯ ಕಾರನ್ನು ಕೊಂಡೇ ಬಿಡಬಹುದಿತ್ತು. ಯಜಮಾನರು ಇದನ್ನು ಒಪ್ಪುತ್ತಾರೆ, ಬೇಸರವಿಲ್ಲದೇ ಒಪ್ಪುತ್ತಾರೆ.

ಬೇರೆಯವರ ಕೆಲಸಕ್ಕೆ ಬರಬಹುದಾದ್ದು ಎರಡು ಮೂರು ಇವೆ. ಓಡುತ್ತಿರೋ ಕಾರು ಕೈಯಲ್ಲಿದ್ದರೆ ಅದನ್ನು ಓಡುತ್ತಲೇ ಇಟ್ಟು, ಒಂದು ಸಲಕ್ಕೆ ಒಂದೇ ಭಾಗ ಬಿಚ್ಚಿ ಮುಗಿಸುವ ದಾರಿ ಇತ್ತು. ಮೊದಲು ಬ್ರೇಕ್, ಆಮೇಲೆ ಪೆಟ್ರೋಲ್ ಪೈಪು, ಆಮೇಲೆ ಒಂದು ಬದಿಯ ಚಾನಲ್, ಬಾಡಿ ಎತ್ತದೆಯೇ. ಆ ದಾರಿ ಹಿಡಿದಿದ್ದರೆ ಶೆಡ್ಡಿಗೆ ಬೀಗ ಬೀಳುತ್ತಿರಲಿಲ್ಲ ಅಂತ ನನಗೆ ಅನಿಸುತ್ತದೆ. ಮೇಸ್ತ್ರಿ ಇದನ್ನು ಪೂರ್ತಿ ಒಪ್ಪುವುದಿಲ್ಲ. ನೆಲದ ತಗಡು ಇನ್ನೂ ಜಾಸ್ತಿ ಹಾಳಾಗಿದ್ದರೆ ಬಾಡಿ ಎತ್ತಲೇಬೇಕಿತ್ತು, ಆದರೆ ಅಡ್ಡಪೈಪ್ ಕೊಟ್ಟು ಎತ್ತಬೇಕಿತ್ತು ಅನ್ನುತ್ತಾರೆ. ಬಾಡಿ ಎತ್ತುವ ಮುಂಚೆ ಬಾಗಿಲ ಸಂದಿಗಳನ್ನು ಅಳೆದು, ಚೌಕಟ್ಟಿನ ಮೂಲೆಯಿಂದ ಮೂಲೆಗೆ ಟೇಪ್ ಹಿಡಿದು ಬರೆದಿಟ್ಟಿದ್ದರೆ, ನೇರ ಮಾಡುವಾಗ ಅಂದಾಜಿನ ಮೇಲೆ ಸ್ಕ್ರೂ ತಿರುಗಿಸಬೇಕಾಗುತ್ತಿರಲಿಲ್ಲ. ಬಲಗಡೆಯ ಆ ಮೂಲೆ ಉಳಿದದ್ದು ಆ ಅಳತೆ ಇಲ್ಲದ್ದಕ್ಕೇ. ಇದರಲ್ಲಿ ನಮ್ಮಿಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ.

ಯಜಮಾನರು ಈಗ ವೈರಿಂಗ್ ಪೂರ್ತಿ ಕಿತ್ತು ಹೊಸದು ಹಾಕೋಣ ಅನ್ನುತ್ತಿದ್ದಾರೆ. ಹೆಡ್‌ಲೈಟ್ ಒಂದು ಮಂಕಾಗಿದೆ, ಅಷ್ಟೇ. ಮೊದಲು ಅರ್ತ್ ವೈರಿನ ತುದಿ ಉಜ್ಜಿ ನೋಡಿ ಸಾರ್, ಅಂದಿದ್ದಾರೆ ಮೇಸ್ತ್ರಿ.